ಮೂರನೆಯ ಅಂಕ
ಪುಣೆಯ ಕನ್ನಡ ಮಂದಿಗೆ ನಾಟಕ ಕಲಿಸುವ ರಷ್ಯದ ಗ್ರಿಗೋರಿ ಸಾಹೇಬರ ಕನ್ನಡವೆಲ್ಲ, ಕಾತ್ರಜದ ಸಭಾಭವನ ನೋಡಿಕೊಳ್ಳುವ ಮುದುಕಿ ತಂಗೆವ್ವನಿಂದ ಕಲಿತದ್ದು. ತಾಲೀಮಿನ ಹೊತ್ತು ಕೊನೆಯ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಾರೆ, ಒಂದು ಮಾತು ಸುಳ್ಳೆನಿಸಿದರೂ ಸಾಕು, "ಮತ್ತೊಮ್ಮಿ!" ಎಂದು ಗುಡುಗುತ್ತಾರೆ. ಜಮೀನ್ದಾರನ ಪಾತ್ರ ಮಾಡುವ ಕಿರಾಣಿ ಅಂಗಡಿಯ ಸಿದ್ರಾಮಪ್ಪ ಒಂದೇ ಬಾಗಿಲನ್ನು ನಲವತ್ತು ಸಲ ತೆರೆದು ಸೋತು, "ಇಷ್ಟ್ ಸಲ ನನ್ನ ಅಂಗಡಿ ಬಾಗಲಾ ತಗದಿದ್ರ ಸಾವ್ಕಾರ ಆಗ್ತಿದ್ನಿರಿ" ಎಂದು ಗೊಣಗಿದರೆ, ಓಡಿಬಂದು ಅಪ್ಪಿಕೊಳ್ಳುತ್ತಾರೆ: "ಇದು ಖರೆ ಅದ! ನಾಟಕದಾಗೂ ಹಿಂಗ ಮಾತಾಡ್ರಿ!" ಹುಲಿಯಂಥ ಈ ಮನುಷ್ಯ ಪರದೆ ಎಳೆಸಲು ಹಿಂಜರಿದದ್ದನ್ನು ತಂಗೆವ್ವ ನೋಡಿದ್ದು ಒಮ್ಮೆ ಮಾತ್ರ, ಮೊದಲ ಪ್ರದರ್ಶನದ ದಿನ, ಎರಡನೆಯ ಅಂಕ ಮುಗಿದಾಗ. "ನಮ್ಮೂರಾಗ ಸರಕಾರದವ್ರು ಇದ ನಾಟಕಾನ ಇಲ್ಲಿಗೇ ನಿಲ್ಲಿಸಿ, ಥೇಟರಿಗೆ ಕೀಲಿ ಹಾಕಿದ್ರು ತಂಗೆವ್ವಾರ. ಮೂರನೇ ಅಂಕ ಯಾರೂ ನೋಡಿಲ್ಲ" ಎಂದರು. ತಂಗೆವ್ವ ಸೆರಗು ಬಿಗಿದಳು. "ಇಲ್ಲಿ ಕೀಲಿಕೈ ನನ್ನ ನಡದಾಗ ಅದರಿ. ಪಡದೆ ಎಳಸ್ರಿ!" ಅಂಕ ಮುಗಿದಾಗ ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಾಹೇಬರು ವೇದಿಕೆಯ ನಡುವೆ ಬಂದು ಕೈಮುಗಿದರು. "ಹನ್ನೆರಡು ವರ್ಷದ ಹಿಂದ ಸುರು ಮಾಡಿದ ನಾಟಕ," ಎಂದರು, "ಇವತ್ತ ಮುಗೀತ್ರಿ."