ಇಟಲಿಯ ಫಟಫಟಿ, ಅವ್ವನ ತವರಿನ ದಾರಿ

ಪಕ್ಕದ ಮನೆಯ ಹುಡುಗಿಗೆ ಹೆರಿಗೆಯಾಗಿ, ಕೂಸಿಗೆಂದು ಕಾಡಿಗೆ ಮಾಡುತ್ತಿದ್ದರು. ಔಡಲೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿದ್ದರು. ಆ ಎಣ್ಣೆ ಸುಡುವ ವಾಸನೆ ಕಿಟಕಿಯಿಂದ ಒಳಗೆ ಬಂದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಮೊರ ಕೆಳಗಿಟ್ಟು ಎದ್ದು ಬಾಗಿಲಿಗೆ ಬಂದು ನಿಂತೆ. ಯಾಕೆ ಬಂದೆನೆಂದು ಒಂದು ಗಳಿಗೆ ನನಗೇ ತಿಳಿಯಲಿಲ್ಲ. ಬೀದಿಯಲ್ಲಿ ಯಾರೂ ಇರಲಿಲ್ಲ. ಚಿಕ್ಕಂದಿನಲ್ಲಿ ಈ ವಾಸನೆ ಬಂತೆಂದರೆ ಅಪ್ಪ ಮನೆಗೆ ಬಂದನೆಂದೇ ಅರ್ಥ. ಅಪ್ಪ ತೀರಿಕೊಂಡು ವರ್ಷವಾಗುತ್ತ ಬಂತು, ಅವ್ವ ಹೋಗಿ ಎಷ್ಟೋ ಕಾಲವಾಯಿತು, ಸವಣೂರಿನ ನಮ್ಮ ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಆದರೂ ಕಾಲು ತಾನಾಗಿ ಬಾಗಿಲಿಗೆ ಬಂದಿತ್ತು. ಮನೆಯ ಹಿರಿಯರನ್ನು ಕಳೆದುಕೊಂಡ ನಿಮಗೂ ಎಂದಾದರೂ ಹೀಗೆ ಆಗಿರಬಹುದು.

ಅಪ್ಪ ಯಲವಿಗಿ ಸ್ಟೇಶನ್ನಿನಲ್ಲಿ ಗೂಡ್ಸ್ ಗುಮಾಸ್ತನಾಗಿದ್ದ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಸೈಕಲ್ಲಿನ ಮೇಲೆ ಕೆಲಸಕ್ಕೆ ಹೋಗಿಬರುತ್ತಿದ್ದವನು, ಒಂದು ಸಂಜೆ ಹಿರೇಕೆರೂರಿನಿಂದ ಬಾಡಿಗೆಗೆ ಹಿಡಿದು ತಂದ ಚಕ್ಕಡಿಯ ಹಿಂದೆ ಸೈಕಲ್ ತುಳಿಯುತ್ತ ಬಂದ. ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಒಂದು ಫಟಫಟಿ, ಹಳೆಯ ಮೋಟಾರ್ ಸೈಕಲ್ಲು, ಮಲಗಿತ್ತು. ಅಲ್ಲಿಯ ಹತ್ತಿ ವ್ಯಾಪಾರಿಯೊಬ್ಬರ ಹಿತ್ತಲಲ್ಲಿ ಕೋಳಿಗಳು ಅದರ ಕೆಳಗೆ ತತ್ತಿ ಇಡುತ್ತಿದ್ದವಂತೆ. ಯುದ್ಧದ ಕಾಲದಲ್ಲಿ ಹಡಗಿನಲ್ಲಿ ಬಂದದ್ದು ಎಂದಷ್ಟೇ ಅವರಿಗೆ ಗೊತ್ತಿತ್ತು. ಅಪ್ಪ ಅದರ ಇಂಜಿನ್ನನ್ನು ಸೀಮೆಎಣ್ಣೆ ಹಚ್ಚಿ ತಿಕ್ಕಿದಾಗ ಇಟಲಿ ದೇಶದ ಹೆಸರು ಎದ್ದು ಕಂಡಿತು. ಬೇರೆ ಫಟಫಟಿಗಳ ಇಂಜಿನ್ ನೆಟ್ಟಗೆ ನಿಂತಿದ್ದರೆ ಇದರದು ಉದ್ದಕ್ಕೆ ಅಂಗಾತ ಮಲಗಿತ್ತು. ಎಡಗಡೆಗೆ ಗಿರಣಿಯ ಗಾಲಿಯಂಥ ಉಕ್ಕಿನ ಚಕ್ರವೊಂದು ಹೊರಗೇ ತಿರುಗುತ್ತಿತ್ತು. ಮುಂದೆ ಹಾನಗಲ್ಲಿನ ಡಾಕ್ಟರೊಬ್ಬರ ಮನೆಯಿಂದ ಇದೇ ಜಾತಿಯ ಇನ್ನೊಂದರ ಹಂದರ ತಂದ. ಅದರ ಅಂಗಾಂಗಗಳನ್ನು ಬಿಚ್ಚಿ ಇದಕ್ಕೆ ಹಾಕಿದ. ರಜೆಯ ದಿನಗಳಲ್ಲಿ ನಮ್ಮ ಹಿತ್ತಲು ತುಂಬ ಗೋಣಿತಟ್ಟು ಹಾಸಿ, ಅದರ ಮೇಲೆ ಬೋಲ್ಟು, ಸ್ಪ್ರಿಂಗು, ಹಲ್ಲುಚಕ್ರಗಳನ್ನು ಬಿಚ್ಚಿದ ಸಾಲಿನಲ್ಲೇ ಇಡುತ್ತಿದ್ದ. ಕ್ಲಚ್ಚಿನ ತಟ್ಟೆಗಳಲ್ಲಿ ಬೂಚಿನ ಬಿಲ್ಲೆಗಳಿರುತ್ತಿದ್ದವು. ಅವು ಸವೆದಾಗ ಅವ್ವನ ಔಷಧದ ಬಾಟಲಿಗಳ ಬೂಚುಗಳನ್ನೇ ಕೊಯ್ದು, ಬಿಸಿನೀರಿನಲ್ಲಿ ನೆನೆಸಿ ಕೂಡಿಸುತ್ತಿದ್ದ. ಇಂಜಿನ್ನಿಗೆ ಸರಿಯಾದ ಎಣ್ಣೆ ಸಿಗುತ್ತಿರಲಿಲ್ಲ. ಗಾಣದ ಔಡಲೆಣ್ಣೆಯನ್ನು ಅರಿವೆಯಲ್ಲಿ ಸೋಸಿ ಹಾಕುತ್ತಿದ್ದ. ಮೊದಲ ಸಲ ಅದು ಹೊಗೆಯುಗುಳಿ ಚಾಲೂ ಆದಾಗ, ಎದುರುಮನೆಯ ಬಡಿಗೇರ ಮೋನಪ್ಪ ಮೂಗಿಗೆ ಅಂಗವಸ್ತ್ರ ಹಿಡಿದು ಬಂದು ನಿಂತ.

“ಏನ್ರಿ ಸಾಹೇಬ್ರ, ಇದಕ್ಕೂ ಜುಲಾಬ ಕೊಟ್ರೇನು? ಹಿಂದ ನಿಂದ್ರಾಕ ಆಗಂಗಿಲ್ಲ ನೋಡ್ರಿ!”

“ಹೊಟ್ಟಿ ಸ್ವಚ್ಛ ಆದ್ರನ ಓಡ್ತೈತೋ ಮೋನಪ್ಪ,” ಎಂದ ಅಪ್ಪ. ಒಳಗೆ ಮಂಚದ ಮೇಲಿದ್ದ ಅವ್ವ ನಕ್ಕದ್ದು ಹಿತ್ತಲಿಗೆ ಕೇಳಿಸಿತು. ಅಪ್ಪ ಬೋಲ್ಟು ಬಿಚ್ಚುವ ಪಾನಾ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಆ ಕಡೆಗೇ ನೋಡಿದ.

ಅವ್ವ ನಗುವುದು ಕಡಿಮೆಯಾಗಿತ್ತು. ನನ್ನ ಬೆನ್ನಿಗೆ ಹುಟ್ಟಬೇಕಾದ ಕೂಸು ಹೊಟ್ಟೆಯಲ್ಲೇ ಹೋದ ಮೇಲೆ ಅವಳ ನಡ ಹಿಡಿದುಹೋಯಿತು. ಹುಬ್ಬಳ್ಳಿಯ ಡಾಕ್ಟರು ಚಕ್ಕಡಿ, ಬಸ್ಸು ಎರಡೂ ಬೇಡವೆಂದಿದ್ದರು. ಮಂಚದಿಂದ ಒಲೆಯ ತನಕ, ಒಲೆಯಿಂದ ಕಟ್ಟೆಯ ತನಕ, ಅಷ್ಟೇ ಅವಳ ಓಡಾಟ. ಅವಳ ತವರು ಹಿರೇಬೆಂಡಿಗೇರಿ, ಶಿಗ್ಗಾವಿಯ ಆಚೆ. ಅಲ್ಲಿ ಅವಳ ಅವ್ವ ಇದ್ದಳು. ನಾವು ಆಯಿ ಎನ್ನುತ್ತಿದ್ದೆವು. ಆಯಿಯ ಕಣ್ಣು ಮಂಜಾಗಿ ಅವಳೂ ಊರು ಬಿಟ್ಟು ಬರುವಂತಿರಲಿಲ್ಲ. ತಾಯಿ ಮಗಳು ಮುಖ ನೋಡದೆ ವರ್ಷಗಳೇ ಆಗಿದ್ದವು. ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಶ್ರಾವಣದ ಪಂಚಮಿಗೆ. ಮರಕ್ಕೆ ಜೋಕಾಲಿ ಕಟ್ಟುವ, ಮನೆಮನೆಗೆ ಉಂಡಿ ಹಂಚುವ ಹಬ್ಬ ಅದು. ಆ ದಿನಗಳಲ್ಲಿ ಓಣಿಯ ಸೊಸೆಯಂದಿರೆಲ್ಲ ಹೋಗಿಬಿಟ್ಟು ಬೀದಿ ಬಿಕೋ ಅನ್ನುತ್ತಿತ್ತು. ಅವ್ವ ಕಟ್ಟೆಯ ಮೇಲೆ ಕುಳಿತು ಖಾಲಿ ಬೀದಿಯನ್ನು ನೋಡುತ್ತಿದ್ದಳು. “ನಮ್ಮವ್ವಗ ಕಣ್ಣು ಪೂರಾ ಹೋಗೂದ್ರಾಗ ಒಂದ್ಸಲ ನನ್ನ ಮಾರಿ ತೋರ್ಸಬೇಕಿತ್ತು,” ಎಂದು ಒಂದು ಪಂಚಮಿಯ ದಿನ ಹೇಳಿದಳು. ನನಗೆ ಹೇಳಿದಳೋ ಅಪ್ಪನಿಗೋ ಗೊತ್ತಾಗಲಿಲ್ಲ. ಮರುದಿನ ಅಪ್ಪ ಸ್ಟೇಶನ್ನಿನಿಂದ ಬಂದವನೇ ಮೋನಪ್ಪನ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ನೆಲದ ಮೇಲೆ ಕಡ್ಡಿಯಿಂದ ಏನೋ ಗೀಚುತ್ತಿದ್ದ.

ಹಾಗೆ ಶುರುವಾದದ್ದು ಫಟಫಟಿಯ ಎಡಮಗ್ಗುಲಿಗೆ ಕೂಡಿಸುವ ಒಂಟಿಗಾಲಿಯ ಸೈಡ್‌ಕಾರಿನ ಕೆಲಸ. ಹಾನಗಲ್ಲಿನ ಹಂದರವನ್ನು ಕಮ್ಮಾರನಲ್ಲಿ ಕಾಯಿಸಿ ಬಗ್ಗಿಸಿ ಚೌಕಟ್ಟು ಮಾಡಿದರು. ಮೋನಪ್ಪ ತೆಳು ಹಲಗೆಗಳಿಂದ ದೋಣಿಯಂಥ ಪೆಟ್ಟಿಗೆ ಕಟ್ಟಿಕೊಟ್ಟ. ಹಳೆಯ ಟಾಂಗಾದ, ಕುಲುಕು ತಡೆಯುವ ಉಕ್ಕಿನ ಪಟ್ಟಾಗಳು ಅದರ ಕೆಳಗೆ ಬಂದವು. ಹೊರಗೆ ತಿರುಗುವ ಉಕ್ಕಿನ ಚಕ್ರ ಅವ್ವನ ಸೀರೆಯನ್ನು ಎಳೆದುಕೊಂಡೀತೆಂದು ಅಪ್ಪ ಎಣ್ಣೆಡಬ್ಬಿಯ ತಗಡು ಕತ್ತರಿಸಿ ಮರೆ ಮಾಡಿದ. ಆಮೇಲೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವ ಕೆಲಸವೊಂದನ್ನು ಮಾಡುತ್ತಿದ್ದ. ಒಂದು ಚರಿಗೆಯ ತುಂಬ ನೀರು ತುಂಬಿ, ಅವ್ವ ಕೂರಬೇಕಾದ ಜಾಗದಲ್ಲಿ ಅರಿವೆಯ ಸಿಂಬಿ ಮಾಡಿ ಇಟ್ಟು, ಶಿಗ್ಗಾವಿಯ ರಸ್ತೆಗುಂಟ ಹೋಗಿ ಬರುತ್ತಿದ್ದ. ಬಂದವನೇ ಚರಿಗೆಯೊಳಗೆ ಇಣುಕುತ್ತಿದ್ದ. ಮೊದಮೊದಲು ತಳದಲ್ಲಿ ಗುಟುಕು ನೀರಷ್ಟೇ ಉಳಿದಿರುತ್ತಿತ್ತು. ಮತ್ತೆ ಪಟ್ಟಾ ಬಿಚ್ಚುವುದು, ಅದರ ಒಂದು ಪದರ ತೆಗೆಯುವುದು, ಗಾಲಿಯ ಗಾಳಿ ಇಳಿಸುವುದು, ಹತ್ತಿಯ ಗಾದಿಯನ್ನು ಇನ್ನೊಂದು ಮಡಿಕೆ ಮಾಡುವುದು. ಓಣಿಯವರು ಅಪ್ಪ ದಿನಾಲೂ ನೀರಿಗೆ ಊರು ತೋರಿಸುತ್ತಾನೆ ಎಂದು ನಗುತ್ತಿದ್ದರು. ಆ ಪೆಟ್ಟಿಗೆಗೆ ತೊಟ್ಟಿಲು ಎಂದು ಹೆಸರಿಟ್ಟರು. ಅವ್ವ ಮಾತ್ರ ಆ ಹೆಸರನ್ನು ಎಂದೂ ಬಾಯಿಗೆ ತರಲಿಲ್ಲ. ಮುಂದಿನ ಶ್ರಾವಣದ ಹೊತ್ತಿಗೆ ಚರಿಗೆಯ ನೀರು ಕಂಠದ ಕೆಳಗೆ ಇಳಿಯದಂತಾಯಿತು. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವ್ವನ ಮುಂದೆ ಇಟ್ಟ. “ಈ ಸಲ ಪಂಚಮಿಗೆ ಹೋಗೂಣ,” ಎಂದ.

ಅವ್ವ ನೀರನ್ನು ನೋಡಿದಳು. “ಕರಿಯಾಕ ಯಾರೂ ಬಂದಿಲ್ಲಲ್ರಿ,” ಎಂದಳು.

ಅಪ್ಪನಿಗೆ ಅದು ಹೊಳೆದೇ ಇರಲಿಲ್ಲ. ತವರಿನಿಂದ ಅಣ್ಣನೋ ತಮ್ಮನೋ ಬಂದು ಕರೆಯದೆ ಹೆಣ್ಣುಮಗಳು ಪಂಚಮಿಗೆ ಹೋಗುವುದಿಲ್ಲ. ಕಾಗದ ಬರೆದು ಕರೆಸಿಕೊಳ್ಳುವುದು ಇನ್ನೂ ಅವಮಾನ. ಅವ್ವನಿಗೆ ಒಬ್ಬನೇ ತಮ್ಮ, ಬಸಣ್ಣಮಾವ. ಅವನು ಬರುವುದನ್ನು ಬಿಟ್ಟು ಆಗಲೇ ಕೆಲವು ವರ್ಷಗಳಾಗಿದ್ದವು. ಹಬ್ಬ ಹತ್ತಿರವಾದಂತೆ ಅವ್ವ ಸುಮ್ಮನೆ ಶೇಂಗಾ ಹುರಿದು ಉಂಡಿ ಕಟ್ಟಿದಳು, ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ನೋಡಿ ಮತ್ತೆ ಒಳಗಿಟ್ಟಳು. ಓಣಿಯ ಸೊಸೆಯಂದಿರನ್ನು ಕರೆಯಲು ಬಂದ ಗಂಡಸರು ಒಬ್ಬೊಬ್ಬರೇ ನಮ್ಮ ಬಾಗಿಲು ದಾಟಿ ಹೋದರು. ಪ್ರತಿ ಸಲವೂ ಅವ್ವ ಕತ್ತು ಎತ್ತುತ್ತಿದ್ದಳು. ಹಬ್ಬದ ಹಿಂದಿನ ದಿನ ಮುಂಜಾನೆ ಅಪ್ಪ ಎಲ್ಲಿಗೆಂದು ಹೇಳದೆ ಫಟಫಟಿ ಹೊರಡಿಸಿಕೊಂಡು ಹೋದ. ಸೈಡ್‌ಕಾರಿನಲ್ಲಿ ಆವತ್ತು ಚರಿಗೆ ಇರಲಿಲ್ಲ.

ಮಧ್ಯಾಹ್ನ ಸಪ್ಪಳ ಕೇಳಿ ನಾನು ಓಡಿಬಂದು ನೋಡಿದರೆ ಅದರೊಳಗೆ ಬಸಣ್ಣಮಾವ ಕೂತಿದ್ದ. ಮೊಣಕಾಲು ಗಲ್ಲಕ್ಕೆ ತಾಗಿದ್ದವು. ಮುಖವೆಲ್ಲ ಕೆಸರಿನ ಚುಕ್ಕೆ. ಒಂದು ಕೈಯಲ್ಲಿ ರುಮಾಲು, ಇನ್ನೊಂದರಲ್ಲಿ ತೆಂಗಿನಕಾಯಿ ಮತ್ತು ಕುಪ್ಪಸದ ಖಣ. ಇಳಿಯಲು ಬಾರದೆ, “ಎತ್ರೋ ನನ್ನ!” ಎಂದು ಕೂಗಿದ. ಮೋನಪ್ಪ ಓಡಿಹೋಗಿ ಎಳೆದು ನಿಲ್ಲಿಸಿದ. ಮಾವ ನೇರ ಅವ್ವನ ಮುಂದೆ ಬಂದು ನಿಂತ.

“ಏನಕ್ಕಾ, ನಿನ್ನ ಗಂಡ ನನ್ನ ಜ್ವಾಳದ ಚೀಲದಂಗ ಹೇರ್ಕೊಂಡು ಬಂದಾನ ನೋಡು. ಕರ್ಯಾಕ ಬಾ ಅಂದ್ರ ನಾ ಏನು ಒಲ್ಲೆ ಅಂತಿದ್ನೇನು?”

“ಇಷ್ಟು ವರ್ಷ ಯಾಕ ಬರ್ಲಿಲ್ಲೋ ತಮ್ಮಾ?” ಎಂದಳು ಅವ್ವ.

ಮಾವ ರುಮಾಲಿನಿಂದ ಮುಖ ಒರೆಸಿಕೊಂಡ. ಅದು ಇನ್ನಷ್ಟು ಕೆಸರಾಯಿತು. “ನಿನಗ ಬರಾಕ ಆಗಂಗಿಲ್ಲ. ಬಂದು ಕರದು ಅಳಿಸಿ ಹೋಗೂದ್ಯಾಕಂತ ಸುಮ್ನ ಇದ್ದೆ, ಅಕ್ಕಾ. ಊರಾಗ ಅವ್ವ ದಿನಾ ಬೈತಾಳ.” ಆಮೇಲೆ ಕಾಯಿ, ಖಣ ಅವಳ ಉಡಿಯಲ್ಲಿ ಹಾಕಿ, ಕಲಿತ ಪಾಠ ಒಪ್ಪಿಸುವ ಹುಡುಗನಂತೆ, “ಪಂಚಮಿಗೆ ಬಾ,” ಎಂದ.

ಅವ್ವ ಇಳಕಲ್ ಸೀರೆ ಉಟ್ಟಳು. ಅವಳನ್ನು ಅಪ್ಪ, ಮಾವ ಇಬ್ಬರೂ ಹಿಡಿದು ಗಾದಿಯ ಮೇಲೆ ಕೂರಿಸಿದರು. ನಾನು ಅವಳ ಕಾಲ ಹತ್ತಿರ ಮುದುಡಿ ಕೂತೆ. ಮಾವ ಅಪ್ಪನ ಹಿಂದೆ ಅವನ ನಡ ಗಟ್ಟಿಯಾಗಿ ತಬ್ಬಿ ಕೂತ. ಜಿನುಗು ಮಳೆ ನಿಂತು ಎರೆಹೊಲಗಳು ಹೊಳೆಯುತ್ತಿದ್ದವು. ಸೈಡ್‌ಕಾರಿರುವ ಗಾಡಿ ಎಡಕ್ಕೆ ತಿರುಗುವಾಗ ಸೈಡ್‌ಕಾರಿನ ಗಾಲಿ ನೆಲ ಬಿಟ್ಟು ಏಳಲು ನೋಡುತ್ತದೆ. ಒಳಗೆ ಕೂತವರು ಹೊರಗಡೆಗೆ ವಾಲಿ ಅದನ್ನು ಒತ್ತಿ ಹಿಡಿಯಬೇಕು. ಮೊದಲ ತಿರುವಿನಲ್ಲಿ ಅಪ್ಪ, “ವಾಲು!” ಎಂದು ಕೂಗಿದ. ಅವ್ವ ಹೆದರಿದಳು. ಎರಡನೆಯದರಲ್ಲಿ ಅವನು ಕೂಗುವ ಮೊದಲೇ ತನ್ನ ಹೆಗಲನ್ನು ಮೆಲ್ಲಗೆ ಹೊರಗೆ ಚಾಚಿದಳು. ಹಿರೇಬೆಂಡಿಗೇರಿ ಬರುವಷ್ಟರಲ್ಲಿ ಅಪ್ಪನ ಹ್ಯಾಂಡಲ್ಲು, ಅವ್ವನ ಮೈ ಒಟ್ಟಿಗೇ ತಿರುಗುತ್ತಿದ್ದವು. ಆಯಿ ಬಾಗಿಲ ಕಂಬ ಹಿಡಿದು ನಿಂತಿದ್ದಳು. ಅವ್ವ ಅವಳೆದುರು ಮಂಡಿಯೂರಿ ಮುಖವನ್ನು ಬೆಳಕಿಗೆ ಹಿಡಿದಳು. ಆಯಿ ಅಂಗೈಯಿಂದ ಹಣೆ, ಕೆನ್ನೆ, ಗಲ್ಲ ಸವರಿ, “ಸೊರಗೀಯಲ್ಲ ಮಗಳ,” ಎಂದಳು. ಮರುದಿನ ಬೇವಿನ ಮರದ ಜೋಕಾಲಿಯಲ್ಲಿ ಅವ್ವನನ್ನು ಸುಮ್ಮನೆ ಕೂರಿಸಿದರು. ಯಾರೂ ಜೀಕಲಿಲ್ಲ. ಗಾಳಿಗೆ ಅದು ತಾನೇ ಸ್ವಲ್ಪ ಆಡುತ್ತಿತ್ತು. ಅವ್ವ ಹಗ್ಗ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು.

ಅಲ್ಲಿಂದ ಬಂದ ಮೇಲೆ ಆ ಮಳೆಗಾಲ ಕಳೆಯುವ ತನಕ ಅಪ್ಪ ಅವಳನ್ನು ಸಂಜೆಗಳಲ್ಲಿ ಕೆರೆಯ ಕಡೆಗೆ ಕರೆದುಕೊಂಡು ಹೋಗುತ್ತಿದ್ದ. ಚಳಿಗಾಲದಲ್ಲಿ ಅವ್ವ ಹಾಸಿಗೆ ಹಿಡಿದಳು. ಸಂಕ್ರಾಂತಿಯನ್ನು ಕಾಣಲಿಲ್ಲ.

ಕೆಲವು ತಿಂಗಳಾದ ಮೇಲೆ ಅಪ್ಪ ಮತ್ತೆ ಫಟಫಟಿಯ ಮೇಲೆ ಸ್ಟೇಶನ್ನಿಗೆ ಹೋಗತೊಡಗಿದ. ಸೈಡ್‌ಕಾರನ್ನು ಬಿಚ್ಚಲಿಲ್ಲ. ಹೆದ್ದಾರಿಯಿಂದ ನಮ್ಮ ಓಣಿಗೆ ಇಳಿಯುವ ಕಡೆ ಎಡಕ್ಕೆ ಕಡಿದಾದ ತಿರುವು. ಖಾಲಿ ಸೈಡ್‌ಕಾರು ಅಲ್ಲಿ ಎದ್ದುಬಿಡುತ್ತಿತ್ತು. ಒಂದು ದಿನ ಗಾಡಿ ಮಗುಚಿ ಅಪ್ಪನ ಮೊಣಕೈ ಕೆತ್ತಿಹೋಯಿತು. “ಒಂದು ಉಸುಕಿನ ಚೀಲ ಇಡ್ರಿ ಸಾಹೇಬ್ರ, ಕುಂದರ್ತೈತಿ,” ಎಂದ ಮೋನಪ್ಪ. ನಗಲಿಲ್ಲ. ಚೀಲ ತಾನೇ ತುಂಬಿಸಿ ತಂದು ಬಾಗಿಲಲ್ಲಿ ಇಟ್ಟುಹೋದ. ಅಪ್ಪ ಅದನ್ನು ಎತ್ತಿ ಸೈಡ್‌ಕಾರಿನ ತನಕ ಒಯ್ದವನು, ಗಾದಿಯ ಮೇಲೆ ಇಡದೆ ತಿರುಗಿ ತಂದು ಗೋಡೆಗೆ ಆನಿಸಿಟ್ಟ. ಆಮೇಲಿನ ದಿನಗಳಲ್ಲಿ ಆ ತಿರುವು ಬಂದಾಗ ಇಂಜಿನ್ ಬಂದ್ ಮಾಡಿ, ಇಳಿದು, ಗಾಡಿಯನ್ನು ಕೈಯಿಂದ ತಳ್ಳಿಕೊಂಡು ಬರತೊಡಗಿದ. ಒಂದು ಕೈ ಹ್ಯಾಂಡಲ್ಲಿನ ಮೇಲೆ, ಇನ್ನೊಂದು ಕೈ ಪೆಟ್ಟಿಗೆಯ ಅಂಚಿನ ಮೇಲೆ.

ಒಂದು ಸಂಜೆ ನಾನು ಮೇಲಿನ ರಸ್ತೆಯಲ್ಲಿ ಕಾದು ನಿಂತು, “ಅಪ್ಪಾ, ನಾ ಕುಂದರ್ತೇನಿ, ನಾ ವಾಲ್ತೇನಿ,” ಎಂದೆ. ಅವನು ಬೇಡವೆನ್ನಲಿಲ್ಲ. ತಿರುವಿನಲ್ಲಿ ಅವ್ವ ಮಾಡುತ್ತಿದ್ದಂತೆಯೇ ಹೆಗಲು ಹೊರಗೆ ಚಾಚಿದೆ. ಆದರೂ ಗಾಲಿ ಎದ್ದಿತು. ನಾನು ತೀರ ಹಗುರವಾಗಿದ್ದೆ. ಅಪ್ಪ ಗಾಡಿ ನಿಲ್ಲಿಸಿ, ನನ್ನನ್ನು ಇಳಿಸಿ, ಅದನ್ನು ಮನೆಯ ತನಕ ತಳ್ಳಿಕೊಂಡು ಬಂದ. ಅಂದಿನಿಂದ ಎಷ್ಟೋ ದಿನ ನಾನು ಹಸಿವಿಲ್ಲದಿದ್ದರೂ ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಉಣ್ಣುತ್ತಿದ್ದೆ. ಬೇಗ ಅವ್ವನಷ್ಟು ತೂಕ ಬರಲಿ ಎಂದು. ಆ ತೂಕ ಬರುವ ಹೊತ್ತಿಗೆ ನನ್ನನ್ನು ಹಿರೇಕೆರೂರಿನ ಕಡೆ ಕೊಟ್ಟಿದ್ದರು. ನಾನಿಲ್ಲದ ಆ ಮನೆಯ ಕಡೆಗೆ, ದಿನಾ ಸಂಜೆ, ಅಪ್ಪ ಆ ತಿರುವಿನಲ್ಲಿ ಇಳಿದು ನಡೆಯುತ್ತಿದ್ದ.