ಗೆಳೆಯನ ಕಂಪ್ಯೂಟರಿನ ಬಾಗಿಲು

ಹುಬ್ಬಳ್ಳಿಯಲ್ಲಿ ಗಂಟಲಿನ ಗಡ್ಡೆಯ ಜೊತೆಗೆ ನನ್ನ ಗೆಳೆಯನ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಅವನು ಮುಂಡಗೋಡದ ಲಾರಿ ಡ್ರೈವರ್. ನಾನು ದಾಂಡೇಲಿಯಲ್ಲಿ ಗಾಡಿಗಳ ವೈರಿಂಗ್ ಮಾಡುವವನು. ಬಹಳ ವರ್ಷಗಳ ಹಿಂದೆ ಕುಂಬಾರವಾಡದ ಹತ್ತಿರ ಅವನ ಲಾರಿಯ ವೈರು ಸುಟ್ಟಾಗ, ಹೊತ್ತಿಗೆ ಬಾರದ ಬಸ್ಸಿಗೆ ಅರ್ಧ ದಿನ ಕಾದು ಹೋಗಿ ಸರಿಮಾಡಿಕೊಟ್ಟಿದ್ದೆ. ನಾನು ಕೆಲಸ ಮುಗಿಸುವ ತನಕ ಅವನು ಬಾಯಿ ಮುಚ್ಚಿರಲಿಲ್ಲ. ಅಂಥ ಮಾತಿನ ಮಲ್ಲ. ನಮ್ಮ ಸ್ನೇಹ ಶುರುವಾಗಿದ್ದೇ ಅಲ್ಲಿ.

ಆಪರೇಷನ್ ಆದಮೇಲೆ ಅವನು ಮನೆಯಿಂದ ಹೊರಬೀಳುವುದನ್ನೇ ಬಿಟ್ಟ. ಕುತ್ತಿಗೆಯ ತೂತಿಗೆ ಟವೆಲ್ಲು ಸುತ್ತಿಕೊಂಡು ಕೂತಿರುತ್ತಿದ್ದ, ಯಾರಾದರೂ ನೋಡಲು ಬಂದರೆ ಒಳಗೆ ಎದ್ದು ಹೋಗುತ್ತಿದ್ದ. ಫೋನಿನಲ್ಲಿ ನಾನು ಮಾತಾಡಬೇಕು, ಅವನು ಬೆರಳಿನಿಂದ ಫೋನಿನ ಮೇಲೆ ಬಡಿಯಬೇಕು. ಒಂದು ಬಡಿದರೆ ಹೌದು, ಎರಡು ಬಡಿದರೆ ಅಲ್ಲ. ಅವನನ್ನು ಹೀಗೇ ಬಿಟ್ಟರೆ ಕಳೆದುಕೊಳ್ಳುತ್ತೇನೆ ಅನ್ನಿಸಿ ನನಗೆ ಹೆದರಿಕೆಯಾಯಿತು.

ಆಗ ಕಣ್ಣಿಗೆ ಬಿದ್ದದ್ದು ನನ್ನ ಮಗಳು ಆಡುತ್ತಿದ್ದ ಲಾರಿಯ ಆಟ. ಗೆಳೆಯರು ತಂತಮ್ಮ ಮನೆಯ ಕಂಪ್ಯೂಟರಿನಲ್ಲೇ ಕೂತು ಒಂದೇ ರಸ್ತೆಯ ಮೇಲೆ ಲಾರಿ ಓಡಿಸಬಹುದು. ಅವನ ಮನೆಯಲ್ಲೂ ಕಂಪ್ಯೂಟರ್ ಇತ್ತು. ಅವನ ಮಗಳು ಮದುವೆಯಾಗಿ ಹಳಿಯಾಳಕ್ಕೆ ಹೋದಮೇಲೆ ಅದು ಧೂಳು ತಿನ್ನುತ್ತಿತ್ತು. ತವರಿಗೆ ಬಂದಾಗ ಅವಳೇ ಆಟ ಹಾಕಿಕೊಟ್ಟು ಹೋದಳು. ಆಟ ಅವನ ಕಂಪ್ಯೂಟರಿನಲ್ಲೇ ನಡೆಯಲಿ, ಯಜಮಾನಿಕೆ ಅವನದೇ ಇರಲಿ, ನಾನು ಹೋಗಿ ಸೇರಿಕೊಳ್ಳುತ್ತೇನೆ ಎಂದೆ. ರಸ್ತೆಯ ಮೇಲೆ ಅವನು ದೊಡ್ಡವನು.

ಆದರೆ ಸೇರಿಕೊಳ್ಳಲು ಆಗಬೇಕಲ್ಲ! ನನ್ನ ಪರದೆಯಲ್ಲಿ ಒಂದು ಚಕ್ರ ತಿರುಗುತ್ತದೆ, ತಿರುಗುತ್ತದೆ, ಕೊನೆಗೆ ಸಂಪರ್ಕ ಸಿಗಲಿಲ್ಲ ಎಂದು ಬರುತ್ತದೆ. ಮೂರು ಭಾನುವಾರ ಇದೇ ಹಾಡು.

"ರೌಟರಿನಾಗ ಹಸರು ಲೈಟ್ ಹತ್ತೇತೇನು?" ಒಂದು ಬಡಿತ. "ಆರಿಸಿ ಮತ್ತ ಹಚ್ಚು." ಒಂದು ಬಡಿತ. ಅವನ ಆಟ ಹಳೆಯ ವರ್ಷನ್ನಿನದು ಎಂದು ಗೊತ್ತಾಗಿ ಹೊಸದನ್ನು ಇಳಿಸಲು ಹೇಳಿದೆ. ಇಂಟರ್ನೆಟ್ ಕೇಬಲ್ ಹಾಕಿದವರನ್ನು ಕಾಡಿ ಬೇಡಿ ಅವನ ರೌಟರಿನಲ್ಲಿ ಆಟಕ್ಕೊಂದು ದಾರಿ ತೆರೆಸಿದೆ. "ಪರದಿ ಮ್ಯಾಲೆ ಏನರೆ ಕೇಳಾಕತ್ತೇತೇನು?" ಎರಡು ಬಡಿತ.

ಜೀವಮಾನವಿಡೀ ವೈರು ಹಿಡಿದವನು ನಾನು, ತಪ್ಪು ನನ್ನದಿರಲು ಹೇಗೆ ಸಾಧ್ಯ? ಮೂಗಿನ ತುದಿಯಲ್ಲೇ ಇರುವ ಸಿಟ್ಟು ಆ ದಿನ ಜಾರಿತು. "ಬಾಯಿ ಹೋತು ಅಂದ್ರ ತಲಿನೂ ಹೋತೇನಲೇ ನಿನಗ?" ಎಂದುಬಿಟ್ಟೆ.

ಬಡಿತ ಬರಲಿಲ್ಲ. ಫೋನು ಕಟ್ಟಾಯಿತು.

ಆಮೇಲೆ ಎಷ್ಟು ಸಲ ಮಾಡಿದರೂ ಅವನು ಎತ್ತಲಿಲ್ಲ. ಕೊನೆಗೆ ಅವನ ಹೆಂಡತಿಯೇ ಫೋನ್ ಮಾಡಿದರು. ಅವರನ್ನು ನಾನು ಭಾಬಿ ಎನ್ನುತ್ತೇನೆ. "ಅಣ್ಣಾರ, ಕಂಪ್ಯೂಟರ್ ಮ್ಯಾಲೆ ಚಾದರ ಹೊಚ್ಯಾರ್ರಿ. ಗ್ವಾಡಿ ಕಡೆ ಮಾರಿ ಮಾಡಿ ಮಲಗೇ ಇರ್ತಾರ. ಏನಾತ್ರಿ?" ನಾಳೆ ನಾನೇ ಬರುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಮರುದಿನ ಬೆಳಿಗ್ಗೆಯೇ ಬೈಕು ಹತ್ತಿ ಹಳಿಯಾಳ, ಕಲಘಟಗಿ ದಾಟಿ ಮುಂಡಗೋಡಕ್ಕೆ ಹೋದೆ. ಅವನ ಮನೆ ಟಿಬೆಟನ್ ಕಾಲೊನಿಗೆ ಹೋಗುವ ರಸ್ತೆಯಲ್ಲಿದೆ. ಅಂಗಳದ ತುಂಬ ಗೋವಿನಜೋಳ ಒಣಹಾಕಿದ್ದರು. ನನ್ನನ್ನು ನೋಡಿದರೂ ಅವನು ಏಳಲಿಲ್ಲ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಬರಲೇ ಇಲ್ಲ. ಸುಮ್ಮನೆ ಚಾದರ ತೆಗೆದು ಕಂಪ್ಯೂಟರಿನ ಮುಂದೆ ಕೂತೆ.

ಕಂಪ್ಯೂಟರಿನೊಳಗೆ ಬಾಗಿಲು ಕಾಯುವ ಒಂದು ವ್ಯವಸ್ಥೆ ಇರುತ್ತದೆ, ಫೈರ್‌ವಾಲ್ ಎನ್ನುತ್ತಾರೆ. ಹೊರಗಿನಿಂದ ಯಾರು ಬರಬಹುದು, ಯಾರು ಬರಬಾರದು ಎಂಬ ಪಟ್ಟಿ ಅದರ ಹತ್ತಿರ ಇರುತ್ತದೆ. ತೆರೆದು ನೋಡಿದರೆ ನಮ್ಮ ಆಟಕ್ಕೆ ಪ್ರವೇಶವಿಲ್ಲ ಎಂದಿತ್ತು. ಆಟ ಮೊದಲ ಸಲ ತೆರೆದಾಗ, ಇದರ ಮೂಲಕ ಹೊರಗಿನವರನ್ನು ಒಳಗೆ ಬಿಡಲೇ ಎಂದು ಅದು ಕೇಳಿರುತ್ತದೆ. ಒಮ್ಮೆ ಬೇಡ ಎಂದರೆ ಮತ್ತೆ ಕೇಳುವುದಿಲ್ಲ.

"ಬ್ಯಾಡ ಅಂತ ಯಾರು ಒತ್ತಿದ್ರು?" ಎಂದೆ.

ಅವನು ಎದ್ದು ಬಂದು ತನ್ನ ಎದೆ ಮುಟ್ಟಿ ತೋರಿಸಿದ. ಆಮೇಲೆ ಪಾಟಿ ತೆಗೆದುಕೊಂಡು ಬರೆದ: 'ಏನ ಕೇಳಿದ್ರೂ ಬ್ಯಾಡ ಅನ್ನು ಅಂತ ನೀನ ಹೇಳಿದ್ದಿ.'

ಹೇಳಿದ್ದೆ. ಕಂಪ್ಯೂಟರ್ ಕೊಂಡ ಹೊಸದರಲ್ಲಿ ವೈರಸ್ ಹೊಕ್ಕಾಗ ಇದೇ ಕುರ್ಚಿಯಲ್ಲಿ ಕೂತು, ಪರದೆಯ ಮೇಲೆ ಏನು ಕೇಳಿದರೂ ಕಣ್ಣು ಮುಚ್ಚಿ ಬೇಡ ಎಂದು ಒತ್ತು ಎಂದು ಅವನಿಗೆ ಗದರಿಸಿದ್ದೆ. ಅಂದಿನಿಂದ ಈ ಮನುಷ್ಯ ಎಲ್ಲಕ್ಕೂ ಬೇಡ ಎನ್ನುತ್ತಲೇ ಬಂದಿದ್ದ. ಆಟದ ವರ್ಷನ್ ಹಳೆಯದಾಗಿ ಉಳಿದದ್ದೂ ಅದಕ್ಕೇ. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಅಂದುಕೊಂಡೆ.

"ಬ್ಯಾಡ ಒತ್ತೇನಿ ಅಂತ ಅವತ್ತ ಬರದು ಕಳಸಬೇಕಿತ್ತಲ್ಲೋ," ಎಂದೆ, ದನಿ ತಗ್ಗಿಸಿ.

ಪಾಟಿ ಒರೆಸಿ ಮತ್ತೆ ಬರೆದ: 'ನೀ ಭಾಳ ಸಿಟ್ಟಿನಾಗಿದ್ದಿ.'

ನನಗೆ ಅಳು ಬಂತು. ಅವನ ಟವೆಲ್ಲಿನ ತುದಿಯಿಂದಲೇ ಕಣ್ಣೊರೆಸಿಕೊಂಡೆ. ಅವನು ಬೇಡ ಎನ್ನಲಿಲ್ಲ.

ಬಾಗಿಲಿನ ಪಟ್ಟಿಯಲ್ಲಿ ನಮ್ಮ ಆಟಕ್ಕೆ ಪ್ರವೇಶ ಕೊಟ್ಟು ಊರಿಗೆ ಬಂದೆ. ನಾಲ್ಕನೆಯ ಭಾನುವಾರ ಬೆಳಿಗ್ಗೆ ದಾಂಡೇಲಿಯಲ್ಲಿ ಕೂತು ಆಟ ತೆರೆದೆ. ಚಕ್ರ ಎರಡು ಸುತ್ತು ತಿರುಗಿ ನಿಂತಿತು. ಯಾವುದೋ ದೇಶದ ಬಂದರಿನಲ್ಲಿ ಅವನ ಕೆಂಪು ಲಾರಿ ನನಗಾಗಿ ಕಾಯುತ್ತಿತ್ತು. ನಾನು ಮುಂದೆ ಹೊರಟೆ, ಅವನು ಹಿಂದೆ. ವೈರಿಂಗ್ ಬಲ್ಲವನಿಗೆ ಡ್ರೈವಿಂಗ್ ಬರಬೇಕೆಂದೇನಿಲ್ಲ. ನನ್ನ ಲಾರಿ ರಸ್ತೆಯ ಆ ಬದಿಗೂ ಈ ಬದಿಗೂ ಓಲಾಡಿ, ಒಂದು ತಿರುವಿನಲ್ಲಿ ಅಡ್ಡಡ್ಡ ನಿಂತುಬಿಟ್ಟಿತು.

ಹಿಂದಿನಿಂದ ಹಾರ್ನು ಶುರುವಾಯಿತು. ಮೊದಲು ಚಿಕ್ಕದೆರಡು. ಆಮೇಲೆ ಉದ್ದಕ್ಕೆ, ಬಿಡದೆ, ಏರಿಸಿ ಇಳಿಸಿ. ಸೈಡು ಕೊಡದವರಿಗೆ ಘಟ್ಟದ ಡ್ರೈವರು ಹೊಡೆಯುವ ಹಾರ್ನು ಅದು. ಆನ್ ಇಟ್ಟಿದ್ದ ಫೋನಿನಲ್ಲಿ ಭಾಬಿಯ ನಗು ಕೇಳಿಸಿತು. ಎಷ್ಟೋ ತಿಂಗಳಾಗಿತ್ತು ಅವರು ನಕ್ಕು.

"ಅಣ್ಣಾರ, ಲಾರಿ ಸರಸ್ರಿ! ನಿಮ್ಮನ್ನ ಬಾಯಿಗೆ ಬಂದಂಗ ಬೈಯಾಕತ್ತಾರ ನೋಡ್ರಿ!"

"ಬೈಲಿ ಬಿಡ್ರಿ ಭಾಬಿ," ಎಂದೆ. ಲಾರಿ ಸರಿಸುವುದು ನನಗೆ ಗೊತ್ತಿತ್ತು. ಕೀಲಿಮಣೆಯಿಂದ ಕೈ ತೆಗೆದು, ರಸ್ತೆಗೆ ಅಡ್ಡವಾಗಿಯೇ ಕೂತೆ.