ಬಂಪರಿಗೆ ಕಟ್ಟಿದ ತೆಂಗಿನ ಗರಿ

ಎಂಬತ್ತರ ದಶಕದ ಸುರುವಿನ ಮಾತು. ಹಂಚು ತುಂಬಿದ ನನ್ನ ಲಾರಿಯ ಆ್ಯಕ್ಸಲ್ ಮುಂಡಾಜೆಯಲ್ಲಿ ಮುರಿಯಿತು. ಬೆಳ್ತಂಗಡಿಯಿಂದ ಮೆಕ್ಯಾನಿಕ್‌ನನ್ನು ಕರೆತರಬೇಕು. ಆದರೆ ಲಾರಿಯನ್ನು ಒಂಟಿಯಾಗಿ ಬಿಟ್ಟರೆ ಬ್ಯಾಟರಿ, ಸ್ಟೆಪ್ನಿ ಎರಡೂ ಮಾಯವಾಗುವ ಕಾಲ ಅದು.

ಎದುರಿನ ಹೋಟೆಲಿನ ಬಾಬಣ್ಣ ನಕ್ಕರು. "ನೀವು ಹೋಗಿ ಬನ್ನಿ ಮಾರಾಯ್ರೆ. ನಮ್ಮಲ್ಲಿ ಹಲಸಿನ ಮರಕ್ಕೂ ಇದೇ ಕಾವಲು" ಎನ್ನುತ್ತ ಎಳೆ ತೆಂಗಿನ ಗರಿಯೊಂದನ್ನು ತಂದು, ದೈವದ ಹೆಸರು ಹೇಳಿ ಬಂಪರಿಗೆ ಕಟ್ಟಿದರು. "ಇನ್ನು ಇದು ದೈವದ ಸೊತ್ತು. ಮುಟ್ಟಿದವನ ಕತೆ ಮುಗಿಯಿತು."

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಲೋಕಯ್ಯನೊಡನೆ ಬಂದರೆ ಒಂದು ನಟ್ಟೂ ಹೋಗಿರಲಿಲ್ಲ. ನನಗೆ ಖುಷಿಯೋ ಖುಷಿ. ಜಾಕ್ ಹಿಡಿದು ಬಗ್ಗಿದ ಲೋಕಯ್ಯ ಗರಿಯನ್ನು ಕಂಡದ್ದೇ ಎದ್ದು, ಚಪ್ಪಲಿ ಕಳಚಿ ಕೈಮುಗಿದ.

"ಇದಕ್ಕೆ ನಾನು ಕೈ ಹಾಕುವುದಿಲ್ಲಪ್ಪ."

"ಲಾರಿ ನನ್ನದೇ ಅಲ್ವಾ ಮಾರಾಯ!"

"ನಿನ್ನೆಯವರೆಗೆ ನಿಮ್ಮದು. ಕಟ್ಟಿದವರೇ ಬಂದು ಬಿಚ್ಚಬೇಕು."

ಹೋಟೆಲಿಗೆ ಓಡಿದೆ. ಬಾಗಿಲು ಹಾಕಿತ್ತು. ಬಾಬಣ್ಣ ಮೊಮ್ಮಗುವಿನ ನಾಮಕರಣಕ್ಕೆಂದು ಮೂಡುಬಿದಿರೆಗೆ ಹೋಗಿದ್ದಾರೆ, ಮುಗಿಸಿಯೇ ಬರ್ತಾರೆ ಎಂದರು ಪಕ್ಕದ ಅಂಗಡಿಯವರು.

"ಧೈರ್ಯ ಉಂಟಾದರೆ ನೀವೇ ಬಿಚ್ಚಿ" ಎಂದು ಲೋಕಯ್ಯ ನಾಲ್ಕು ಮಾರು ದೂರ ಸರಿದ.

ದೈವ ಗಿವ ಎಂದರೆ ನಗುವವನು ನಾನು. ಗರಿಯತ್ತ ಕೈ ಚಾಚಿದೆ ಕೂಡ. ಅಷ್ಟರಲ್ಲಿ ಮುಂದೆ ಚಾರ್ಮಾಡಿ ಘಾಟಿ ಹತ್ತಲಿಕ್ಕುಂಟು ಎಂಬುದು ನೆನಪಾಗಿ ಕೈ ತಾನಾಗಿಯೇ ಹಿಂದೆ ಬಂತು.

ಆಮೇಲೆ ಎಷ್ಟೋ ಬಗೆಯ ಬೀಗಗಳನ್ನು ಕಂಡಿದ್ದೇನೆ. ಅಷ್ಟು ಭದ್ರವಾದದ್ದನ್ನು ಕಂಡಿಲ್ಲ. ಅದರ ಕೀಲಿ ಮಾತ್ರ ಮೂಡುಬಿದಿರೆಯಲ್ಲಿ ಕುಳಿತು ನಾಮಕರಣದ ಪಾಯಸ ಉಣ್ಣುತ್ತಿತ್ತು.